ಅರ್ಬುದರೋಗವೂ ರಕ್ತನಾಳಗಳ ಬೀಗವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ವೈದ್ಯವಿಷಯವಾಗಿ ಎರಡು ಮಾತುಗಳನ್ನು ಅರಿಕೆಮಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ಕ್ಯಾನ್ಸರ್ ಎಂಬ ಅರ್ಬುದರೋಗದ ಹೆಸರನ್ನು ಕೇಳದ ಮನೆಯಿಲ್ಲ. “ಗಂಟಿಗೆ ರಕ್ತವನ್ನು ತಡೆದರೆ ಅದು ಹಸಿದು ಸಾಯುವುದಂತೆ, ಹಾಗಾದರೆ ರೋಗಿಗೆ ಅನ್ನವನ್ನು ಬಿಡಿಸೋಣವೇ?” ಎಂದು ಕೇಳುವವರುಂಟು. ಇದಕ್ಕೆ ಉತ್ತರ ಹೇಳುವ ಮೊದಲು ಗಂಟಿಗೂ ರಕ್ತನಾಳಕ್ಕೂ ಇರುವ ಸಂಬಂಧವನ್ನು ಅರಿಯತಕ್ಕದ್ದು.

ದೇಹದ ಪ್ರತಿಯೊಂದು ಜೀವಕೋಶವೂ ಆಹಾರಕ್ಕೂ ಪ್ರಾಣವಾಯುವಿಗೂ ರಕ್ತವನ್ನೇ ಆಶ್ರಯಿಸಿರುವುದು. ಅರ್ಬುದದ ಗಂಟಿಗೂ ಈ ನಿಯಮ ತಪ್ಪಿದ್ದಲ್ಲ. ಒಂದೆರಡು ಮಿಲಿಮೀಟರು, ಎಂದರೆ ರಾಗಿಯ ಕಾಳಿನಷ್ಟು ಗಾತ್ರದವರೆಗೆ ನೆರೆಯ ನಾಳಗಳಿಂದ ಜಿನುಗಿ ಬಂದುದೇ ಅದಕ್ಕೆ ಸಾಕು. ಮುಂದೆ ಬೆಳೆಯಬೇಕಾದರೆ ಹೊಸ ನಾಳಗಳು ಬೇಕು. ಅಮೆರಿಕೆಯ ಶಸ್ತ್ರವೈದ್ಯರಾದ ಜೂಡಾ ಫೋಕ್ಮನ್ನರು 1971ರಲ್ಲಿ ಈ ವಾದವನ್ನು ಮುಂದಿಟ್ಟಾಗ ಅನೇಕ ಪಂಡಿತರು ನಂಬಲಿಲ್ಲ. ಕಾಲಕ್ರಮದಲ್ಲಿ ಅದು ನಿಜವಾಯಿತು.

ಗಂಟಿನ ಒಳಗೆ ಪ್ರಾಣವಾಯು ಸಾಲದಾದಾಗ ಅಲ್ಲಿಯ ಕೋಶಗಳು ನಾಳವರ್ಧಕವೆಂಬ ಒಂದು ಪ್ರೋಟೀನನ್ನು ಸ್ರವಿಸುವುವು. 1989ರಲ್ಲಿ ನೆಪೋಲಿಯೋನ್ ಫೆರಾರಾ ಮೊದಲಾದವರು ಇದನ್ನು ಬೇರ್ಪಡಿಸಿ ತೋರಿಸಿದರು. ಈ ಪ್ರೋಟೀನು ಬೀಗದ ಕೈಯಾದರೆ, ರಕ್ತನಾಳದ ಒಳಪದರದ ಕೋಶಗಳ ಮೇಲಿರುವ ಗ್ರಾಹಕಗಳೇ ಬೀಗಗಳು. ಇವು ಮೂರು ಬಗೆ. ಎರಡನೆಯದೇ ಮುಖ್ಯವಾದುದು. ಕೈ ತಗುಲಿದೊಡನೆ ಎರಡು ಗ್ರಾಹಕಗಳು ಜೋಡಿಯಾಗಿ ಕೋಶದೊಳಕ್ಕೆ ಆಜ್ಞೆಯನ್ನು ಕಳುಹಿಸುವುವು. ಕೋಶಗಳು ಇಬ್ಭಾಗವಾಗಿ, ಗಂಟಿನ ಕಡೆಗೆ ಸರಿದು, ಹೊಸ ಕೊಳವೆಗಳಾಗುವುವು. ಮೂರನೆಯದು ಮುಖ್ಯವಾಗಿ ದುಗ್ಧರಸದ ನಾಳಗಳನ್ನು ಬೆಳೆಸುವುದು. ಮೊದಲನೆಯದು ವರ್ಧಕವನ್ನು ಬಲವಾಗಿ ಹಿಡಿದರೂ ಆಜ್ಞೆಯನ್ನು ಮಂದವಾಗಿಯೇ ಕೊಡುವುದು. ಹೀಗೆ ಹುಟ್ಟಿದ ನಾಳಗಳು ವಕ್ರವಾಗಿಯೂ ಸೋರುವಂತೆಯೂ ಇರುವುದರಿಂದ, ಗಂಟಿನ ಕೋಶಗಳು ಅವುಗಳೊಳಗೆ ನುಸುಳಿ ಶ್ವಾಸಕೋಶ, ಯಕೃತ್ತು ಮೊದಲಾದೆಡೆ ಹೋಗಿ ನೆಲೆಸಬಲ್ಲುವು.

ಈ ಬೀಗವು ಕೆಟ್ಟದ್ದೆಂದು ತಿಳಿಯಬಾರದು. ಗರ್ಭದಲ್ಲಿ ಶಿಶುವಿನ ನಾಳಗಳು ಬೆಳೆಯುವುದೂ ಗಾಯ ಮಾಯುವುದೂ ಇದರಿಂದಲೇ. ಅರ್ಬುದವು ಹೊಸದೇನನ್ನೂ ಸೃಷ್ಟಿಸಲಿಲ್ಲ. ಮನೆಯ ಕೈಯನ್ನೇ ಕದ್ದಿತು.

ಈ ಅರಿವಿನಿಂದ ಔಷಧಗಳು ಹುಟ್ಟಿದವು. 2004ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಬೆವಸಿಜುಮ್ಯಾಬ್ ಬೀಗದ ಕೈಯನ್ನೇ ಹಿಡಿದಿಡುವುದು. 2005ರ ಸೊರಾಫೆನಿಬ್, 2006ರ ಸುನಿಟಿನಿಬ್ ಗ್ರಾಹಕದ ಆಜ್ಞೆಯನ್ನು ಒಳಗಿನಿಂದ ತಡೆಯುವುವು. ದೊಡ್ಡ ಕರುಳಿನ ಹರಡಿದ ಅರ್ಬುದದಲ್ಲಿ ಬೇರೆ ಔಷಧಗಳೊಡನೆ ಬೆವಸಿಜುಮ್ಯಾಬನ್ನು ಕೊಟ್ಟಾಗ ಮಧ್ಯಮ ಆಯುಷ್ಯವು 15.6 ತಿಂಗಳಿನಿಂದ 20.3 ತಿಂಗಳಿಗೆ ಏರಿತೆಂದು 2004ರ ಪರೀಕ್ಷೆ ತೋರಿಸಿತು. ಲಾಭವು ನಿಜ, ಗುಣವಾಯಿತೆಂದು ಹೇಳಲಾಗದು. ಒಂದು ದಾರಿ ಮುಚ್ಚಿದರೆ ಗಂಟು ಮತ್ತೊಂದನ್ನು ಹುಡುಕುವುದು. ಸ್ತನದ ಅರ್ಬುದಕ್ಕೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕೆಯವರು 2011ರಲ್ಲಿ ಹಿಂದೆಗೆದುಕೊಂಡರು. ರಕ್ತದೊತ್ತಡ ಏರುವುದು, ರಕ್ತ ಸೋರುವುದು, ಗಾಯ ಬೇಗ ಮಾಯದಿರುವುದು, ಇವು ಇಂಥ ಔಷಧಗಳ ದೋಷಗಳು. ಮೈಯ ಬೀಗವೂ ಗಂಟಿನ ಬೀಗವೂ ಒಂದೇ ಆಗಿರುವಾಗ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರುವೆನು. ಗಂಟಿನ ನಾಳವನ್ನು ತಡೆಯುವುದು ಬೇರೆ, ರೋಗಿಯನ್ನು ಉಪವಾಸ ಕೆಡಹುವುದು ಬೇರೆ. ರೋಗಿ ಉಣ್ಣದಿದ್ದರೆ ಗಂಟು ಅವನ ಮೈಯಿಂದಲೇ ಸೆಳೆದುಕೊಳ್ಳುವುದು. ಕೃಶವಾಗುವವನು ರೋಗಿ, ಚಿಕಿತ್ಸೆಯನ್ನು ತಾಳಲಾರದವನೂ ಅವನೇ. ಆದುದರಿಂದ ಅವನಿಗೆ ವೈದ್ಯರು ಹೇಳಿದಂತೆ ಹಿತವಾದ ಅನ್ನವನ್ನಿಕ್ಕಿರಿ. ಎರಡನೆಯ ಮಾತು: ರಾಗಿಕಾಳಿನಷ್ಟು ಗಂಟು ಕೈಗೆ ಸಿಕ್ಕುವುದು ಅಪರೂಪ. ಕೈಗೆ ತಿಳಿಯುವಷ್ಟು ಬೆಳೆದ ಅರ್ಬುದಕ್ಕೆ ನಾಳಗಳು ಆಗಲೇ ಬಂದಿರುವುವು. ಗಂಟುಗಳೆಲ್ಲ ಅರ್ಬುದವಲ್ಲ, ಆದರೂ ನೋವಿಲ್ಲವೆಂದು ಸುಮ್ಮನಿರದೆ, ನಾಚದೆ, ಕಂಡ ವಾರದಲ್ಲಿಯೇ ವೈದ್ಯರಿಗೆ ತೋರಿಸಿರಿ.