ಕಲಬುರಗಿಯಿಂದ ಹುಬ್ಬಳ್ಳಿಗೆ ಬೆಂಗಳೂರು ಸುತ್ತಿ ಹೋಗಬೇಕೆ?
(ಕುರಕುಂಟಾದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪ್ರೆಸ್ಸಿನವನು. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್ ಅಚ್ಚು ಹಾಕುವವನು. ದೊಡ್ಡ ಮಾತು ನನಗೆ ಬಾರದು. ಕ್ಯಾಲೆಂಡರಿನ ಹಿಂಬದಿಗೆ ಕರ್ನಾಟಕದ ನಕಾಶೆ ಹಾಕುವಾಗ ಸ್ಕೇಲ್ ಇಟ್ಟು ಅಳೆಯುವುದು ನನ್ನ ಚಟ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಕಲಬುರಗಿ ವಿಮಾನ ನಿಲ್ದಾಣ ನಮ್ಮ ಸೇಡಂ ರಸ್ತೆಯ ಮೇಲೇ, ಶ್ರೀನಿವಾಸ ಸರಡಗಿಯ ಹತ್ತಿರ ಇದೆ. 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ರನ್‌ವೇ ಮೂರು ಕಿ.ಮೀ.ಗೂ ಉದ್ದ. ಈಗ ಹುಬ್ಬಳ್ಳಿ ನಿಲ್ದಾಣವನ್ನು ನೋಡಿ. ಅಕ್ಷಾಂಶದಲ್ಲಿ ನಮಗಿಂತ ಹೆಚ್ಚುಕಡಿಮೆ ಎರಡು ಡಿಗ್ರಿ ದಕ್ಷಿಣಕ್ಕಿದೆ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಸುಮಾರು 217 ಕಿ.ಮೀ. ಆಯಿತು. ಪಶ್ಚಿಮಕ್ಕೆ ಸುಮಾರು 200. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ಹಾಕಿದರೆ ನೇರ ದೂರ 295 ಕಿ.ಮೀ. ಅಷ್ಟೇ!

ಎಟಿಆರ್ ವಿಮಾನ ತಾಸಿಗೆ 500 ಕಿ.ಮೀ. ವೇಗದಲ್ಲಿ ಹಾರುತ್ತದೆ. ಬರೀ ಭಾಗಾಕಾರ ಮಾಡಿದರೆ 35 ನಿಮಿಷ. ಆದರೆ ವಿಮಾನ ನೆಲದ ಮೇಲೆ ಉರುಳಬೇಕು, ಏರಬೇಕು, ವೇಗ ತಗ್ಗಿಸಿ ಇಳಿಯಬೇಕು. ವೇಳಾಪಟ್ಟಿಗೆ ಒಂದು ತಾಸು ಹಿಡಿಯಿರಿ. ರಸ್ತೆಯಲ್ಲಿ ವಿಜಯಪುರದ ಮೇಲೆ ಹೋದರೆ ಸುಮಾರು 350 ಕಿ.ಮೀ., ಒಂದು ಹಗಲೇ ಬೇಕು.

ವಿಮಾನದಲ್ಲೇ ಹೋಗುತ್ತೇನೆ ಎಂದು ಬೆಂಗಳೂರು ಹಿಡಿದರೆ ಏನಾಗುತ್ತದೆ? ಕಲಬುರಗಿಯಿಂದ ಬೆಂಗಳೂರಿಗೆ 464, ಅಲ್ಲಿಂದ ಹುಬ್ಬಳ್ಳಿಗೆ 370, ಒಟ್ಟು 834 ಕಿ.ಮೀ. ಸುಮಾರು ಮೂರು ಪಟ್ಟು! ಎರಡು ಸಲ ಏರಿ, ಎರಡು ಸಲ ಇಳಿದು, ನಡುವೆ ಗಂಟೆಗಟ್ಟಲೆ ಕುಂತಿರಬೇಕು. ಇದು ಯಾವ ಸೀಮೆಯ ನ್ಯಾಯ?

ಗೆಳೆಯರೇ, ಇದು ಹಳೆಯ ರೋಗ. ನಮ್ಮೂರಿನ ಮೇಲೆ ಹಾದ ವಾಡಿ–ಸಿಕಂದರಾಬಾದ್ ಹಳಿ ಬಿದ್ದದ್ದು 1874ರಲ್ಲಿ, ನಿಜಾಮನ ರಾಜಧಾನಿಗಾಗಿ. ಧಾರವಾಡ ಸೀಮೆ ಮುಂಬೈ ಕಡೆ ಮುಖ ಮಾಡಿತ್ತು. 1956ರ ನವೆಂಬರ್ 1ರಂದು ಒಂದೇ ರಾಜ್ಯವಾದೆವು, ಆದರೆ ದಾರಿಗಳು ಒಂದಾಗಲಿಲ್ಲ. 2008ರಲ್ಲಿ ಧಾರವಾಡ, ಕಲಬುರಗಿ ಎರಡೂ ಕಡೆ ಹೈಕೋರ್ಟ್ ಸಂಚಾರಿ ಪೀಠ ಬಂತು. ಒಂದು ಪೀಠದಿಂದ ಇನ್ನೊಂದಕ್ಕೆ ಹೋಗುವ ವಕೀಲರ ಕಷ್ಟ ಅವರನ್ನೇ ಕೇಳಿ.

ಮಂದಿ ಹತ್ತುವುದಿಲ್ಲ, ನಷ್ಟ ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಉಡಾನ್ ಯೋಜನೆಯಲ್ಲಿ ಒಂದು ತಾಸಿನ, ಸುಮಾರು 500 ಕಿ.ಮೀ. ಹಾರಾಟಕ್ಕೆ ಅರ್ಧ ಸೀಟುಗಳ ದರ 2,500 ರೂಪಾಯಿ ಎಂದು ಕಟ್ಟಿ, ನಷ್ಟಕ್ಕೆ ಮೂರು ವರ್ಷ ನೆರವು ಕೊಟ್ಟರು. 2023ರ ಸಿಎಜಿ ವರದಿ ನೋಡಿ: ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ, ಮೂರು ವರ್ಷ ದಾಟಿ ಉಳಿದವು 54. ನೆರವು ನಿಂತ ದಿನ ವಿಮಾನವೂ ನಿಂತರೆ ಏನು ಬಂತು? ಆದ್ದರಿಂದ ರಾಜ್ಯ ಸರ್ಕಾರವೇ ತನ್ನ ಬಜೆಟ್ಟಿನಿಂದ ಒಳನಾಡು ಮಾರ್ಗಗಳಿಗೆ ಐದು ವರ್ಷದ ಖಾತ್ರಿ ಕೊಡಲಿ. ವಾರಕ್ಕೆ ಮೂರು ದಿನ ಕಲಬುರಗಿ–ಹುಬ್ಬಳ್ಳಿ ವಿಮಾನ ಬಿಡಲಿ. ಸೀಟು ಬೆಲ್ಟ್ ಕಟ್ಟಿಕೊಳ್ಳಿ ಎಂಬುದನ್ನು ಕನ್ನಡದಲ್ಲಿ ಹೇಳಲಿ. ಜೀವ ಉಳಿಸುವ ಮಾತು ಹತ್ತಿದವನಿಗೆ ತಿಳಿಯಬೇಕಲ್ಲ!

ಮನವಿ ಪತ್ರ ಅಚ್ಚಾಗಿ ಬಾಗಿಲ ಬಳಿ ಮೇಜಿನ ಮೇಲಿದೆ, ನಕಾಶೆಯೂ ಲೆಕ್ಕವೂ ಅದರ ಹಿಂಬದಿಗಿವೆ. ಸಹಿ ಹಾಕಿ, ಹತ್ತು ಹತ್ತು ಪ್ರತಿ ನಿಮ್ಮ ಕಾಲೇಜಿಗೆ ಒಯ್ಯಿರಿ. ಕಾಗದ, ಮಸಿ ನನ್ನದು.