ಕೈಪಂಪಿನಲ್ಲಿ ಬಂದ ವಿಷ

ಕೋಟ್ಯಂತರ ಜನರಿಗೆ ವಿಷ ಉಣಿಸಿದ ಒಂದು ಯೋಜನೆ ಶುರುವಾದದ್ದು ಮಕ್ಕಳ ಜೀವ ಉಳಿಸುವುದಕ್ಕಾಗಿ. ಅದು 1970ರ ದಶಕದ ಬಾಂಗ್ಲಾದೇಶ. ಹಳ್ಳಿಗರು ಕೆರೆಕುಂಟೆಯ ನೀರು ಕುಡಿದು ಕಾಲರಾ, ವಾಂತಿಭೇದಿಗೆ ಬಲಿಯಾಗುತ್ತಿದ್ದರು. ಯುನಿಸೆಫ್ ನೆರವಿನಿಂದ ಸರ್ಕಾರ ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಕೂರಿಸಿತು. ಜನ ಮೆಚ್ಚಿದರು, ಅನುಕೂಲವಿದ್ದವರು ಸ್ವಂತ ಖರ್ಚಿನಲ್ಲೇ ಮನೆಯಂಗಳದಲ್ಲಿ ಹಾಕಿಸಿಕೊಂಡರು. ಆಗಿನ ವಾಡಿಕೆಯ ನೀರಿನ ಪರೀಕ್ಷೆಯಲ್ಲಿ ಆರ್ಸೆನಿಕ್ ಎಂಬ ವಿಷದ ಹೆಸರೇ ಇರಲಿಲ್ಲ.

ಮೊದಲ ಸುಳಿವು ಸಿಕ್ಕಿದ್ದು ಗಡಿಯ ಈಚೆಗೆ. 1983ರಲ್ಲಿ ಕೋಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮವೈದ್ಯ ಡಾ. ಕೆ. ಸಿ. ಸಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಬಂದ ರೋಗಿಗಳನ್ನು ನೋಡಿದರು. ಮೈಮೇಲೆ ಕಪ್ಪು ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟು. ಕಾರಣ ಕೊಳವೆಬಾವಿಯ ನೀರು ಎಂದು ಅವರು ಗುರುತಿಸಿದರು. 1987ರ ಹೊತ್ತಿಗೆ ಬಾಂಗ್ಲಾದೇಶದ ರೋಗಿಗಳೂ ಪತ್ತೆಯಾದರು. ಆದರೂ ಆ ದೇಶದ ಬಾವಿಯೊಂದರಲ್ಲಿ ಆರ್ಸೆನಿಕ್ ಇದೆಯೆಂದು ಅಲ್ಲಿನ ಸರ್ಕಾರಿ ಇಲಾಖೆ ಕಂಡುಕೊಂಡದ್ದು 1993ರಲ್ಲಿ, ಚಾಪೈ ನವಾಬ್‌ಗಂಜ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಹೊಸ ಪಂಪುಗಳು ಏಳುತ್ತಲೇ ಇದ್ದವು. ನನ್ನನ್ನು ಕಾಡುವುದು ಈ ವಿಳಂಬವೇ.

ಈ ವಿಷವನ್ನು ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಹಿಮಾಲಯದಿಂದ ಗಂಗೆ, ಬ್ರಹ್ಮಪುತ್ರೆಯರು ಸಾವಿರಾರು ವರ್ಷ ಹೊತ್ತು ತಂದ ಹೂಳಿನಲ್ಲಿ, ಕಬ್ಬಿಣದ ತುಕ್ಕಿನ ಲೇಪಕ್ಕೆ ಆರ್ಸೆನಿಕ್ ಅಂಟಿಕೊಂಡಿರುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಆ ಲೇಪವನ್ನು ಕರಗಿಸಿದಾಗ ಅದು ನೀರಿಗೆ ಬಿಡುಗಡೆಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗದು. ಮೈಮೇಲೆ ಗುರುತು ಮೂಡಲು ಎಷ್ಟೋ ವರ್ಷ ಹಿಡಿಯುತ್ತದೆ. ಆಮೇಲೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರ್ ಬರಬಹುದು. ಚುಕ್ಕೆ ಕಂಡವರನ್ನು ಕುಷ್ಠರೋಗಿಗಳೆಂದು ದೂರವಿಟ್ಟರು. ಹೆಣ್ಣುಮಕ್ಕಳ ಮದುವೆಗಳು ನಿಂತವು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಬಾರದು. ಬಾಂಗ್ಲಾದೇಶದ ಮಿತಿ 50. 2001ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಹೆಚ್ಚು ಆಳವಿಲ್ಲದ ಬಾವಿಗಳ ಪೈಕಿ ಶೇ. 27ರಷ್ಟು ಆ 50ನ್ನೂ ದಾಟಿದ್ದವು. ಇದು ಇತಿಹಾಸದಲ್ಲೇ ಅತಿ ಹೆಚ್ಚು ಜನರಿಗೆ ವಿಷವೇರಿದ ಪ್ರಕರಣ ಎಂದು ವಿಜ್ಞಾನಿ ಅಲನ್ ಸ್ಮಿತ್ ಮತ್ತು ಸಂಗಡಿಗರು 2000ದಲ್ಲೇ ಬರೆದಿದ್ದರು. ಆಮೇಲೆ ಲಕ್ಷಾಂತರ ಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದ ಪಂಪಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಅಷ್ಟರಿಂದಲೇ ಅನೇಕ ಕುಟುಂಬಗಳು ಪಕ್ಕದ ಹಸಿರು ಪಂಪಿಗೆ ಹೋಗತೊಡಗಿದವು. ಇಷ್ಟು ಸರಳ ಕೆಲಸ ಮೊದಲೇ ಆಗಬೇಕಿತ್ತು.

ಈ ವಿಷ ನಮ್ಮ ಕರ್ನಾಟಕದ ನೆಲದಲ್ಲೂ ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿಯ ಸೀಮೆಯದು. ಚಿನ್ನದ ಅದಿರಿನ ಜೊತೆ ಬಂಡೆಯಲ್ಲಿ ಆರ್ಸೆನಿಕ್ ಖನಿಜವೂ ಇರುವುದುಂಟು. ಅಲ್ಲಿನ ನೀರಿನಲ್ಲಿ ಆರ್ಸೆನಿಕ್, ಜನರ ಚರ್ಮದ ಮೇಲೆ ಅದೇ ಗುರುತುಗಳು ಇರುವುದನ್ನು ವಿಜ್ಞಾನಿಗಳು 2013ರಲ್ಲಿ ವರದಿ ಮಾಡಿದರು. ಅವರಲ್ಲಿ ಬಂಗಾಳದ ಈ ಪಿಡುಗನ್ನು 1988ರಿಂದ ಬೆನ್ನಟ್ಟಿದ್ದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅವರೂ ಇದ್ದರು.

ರಾಯಚೂರು, ಯಾದಗಿರಿಯ ಗಣಿ ಸೀಮೆಯ ಕೇಳುಗರೇ, ನಿಮ್ಮೂರಿನ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿದ್ದೇವೆ ಎಂದು ಪಂಚಾಯಿತಿಯವರು ಹೇಳಿದರೆ, ಆರ್ಸೆನಿಕ್‌ಗೂ ಮಾಡಿಸಿದಿರಾ ಎಂದು ಹೆಸರು ಹಿಡಿದು ಕೇಳಿ. ಇಲ್ಲವೆಂದರೆ, ಮಾಡಿಸುವವರೆಗೂ ಬಿಡಬೇಡಿ.