ಮಹಡಿ ಮನೆಯ ವೈ-ಫೈ ಮತ್ತು ಅವ್ವನ ಮೆಟ್ಟಿಲು



ಪುಣೆಯಲ್ಲಿರುವ ನಮ್ಮಣ್ಣನ ಮನೆಯಲ್ಲಿ ಕಳೆದ ಮಳೆಗಾಲದ ಒಂದು ರಾತ್ರಿ ಅವ್ವ ಮೆಟ್ಟಿಲ ಮೇಲಿಂದ ಜಾರಿ ಬಿದ್ದಳು. ಅವಳಿಗೆ 74 ವರ್ಷ. ದೇವರ ದಯೆ, ಎಲುಬು ಮುರಿಯಲಿಲ್ಲ. ಆದರೆ ಮಣಿಕಟ್ಟು ಬಾತು, ಮೂರು ವಾರ ಪಟ್ಟಿ ಕಟ್ಟಿಕೊಂಡು ಕೂರಬೇಕಾಯಿತು. ಒಂಬತ್ತೂವರೆಗೆ ಮೆಟ್ಟಿಲ ಮೇಲೆ ನಿನಗೇನು ಕೆಲಸ ಎಂದು ಅಣ್ಣ ಗದರಿದರೆ ಅವಳು ಹೇಳಿದ್ದಿಷ್ಟು: "ಕೆಳಗ ನಿಮ್ಮ ಚಿಕ್ಕವ್ವನ ಮಾರಿ ನಿಂದ್ರೂದೇ ಇಲ್ಲಪ್ಪಾ. ಮೆಟ್ಟಲ ಮ್ಯಾಲ ಕುಂತ್ರ ಚೊಲೋ ಕಾಣ್ತೈತಿ." ಚಿಕ್ಕವ್ವ ಇರುವುದು ಹುಬ್ಬಳ್ಳಿಯಲ್ಲಿ. ದಿನಾ ರಾತ್ರಿ ಅಕ್ಕ-ತಂಗಿಯರ ವಿಡಿಯೋ ಮಾತು ಆಗಲೇಬೇಕು.

ಆ ಮನೆ ನೆಲಮಹಡಿಯ ಮೇಲೆ ಎರಡು ಅಂತಸ್ತು. ಇಂಟರ್‌ನೆಟ್ ಕೇಬಲ್ ಪಕ್ಕದ ಕಟ್ಟಡದಿಂದ ತೂಗಾಡುತ್ತ ತಾರಸಿಗೆ ಬಂದು, ಅಲ್ಲಿಂದ ಎರಡನೆಯ ಮಹಡಿಗೆ ಇಳಿದಿದೆ. ಕೇಬಲಿನ ಹುಡುಗ ತನಗೆ ಹತ್ತಿರವಾದ ಗೋಡೆಗೆ ರೌಟರ್ ಹೊಡೆದು ಹೋಗಿದ್ದಾನೆ. ಮೊಣಕಾಲು ನೋವಿನ ಅವ್ವನ ಕೋಣೆ ನೆಲಮಹಡಿಯಲ್ಲಿ. ನಿಮ್ಮಲ್ಲಿ ಯಾರಾದರೂ ರೋ ಹೌಸಿನಲ್ಲೋ ಡ್ಯೂಪ್ಲೆಕ್ಸಿನಲ್ಲೋ ಇದ್ದರೆ ಕಥೆ ಬೇರೆ ಇರಲಿಕ್ಕಿಲ್ಲ.

ಅಣ್ಣ ಮೊದಲು ಮಾಡಿದ ಕೆಲಸ, 100 ಎಂಬಿಪಿಎಸ್ ಯೋಜನೆಯನ್ನು 300ಕ್ಕೆ ಏರಿಸಿದ್ದು. ಏನೂ ಪ್ರಯೋಜನವಾಗಲಿಲ್ಲ. ತಾರಸಿಯ ಟ್ಯಾಂಕಿಗೆ ಎಷ್ಟು ನೀರು ಬಂದರೇನು, ಕೆಳಗಿನ ನಲ್ಲಿಗೆ ಪೈಪೇ ಇಲ್ಲದಿದ್ದರೆ? ಆಮೇಲೆ ಒಂದು ರಿಪೀಟರ್ ತಂದು ಅವ್ವನ ಕೋಣೆಯಲ್ಲೇ ಸಿಕ್ಕಿಸಿದ. ಇದು ಬಹಳ ಜನ ಮಾಡುವ ತಪ್ಪು. ರಿಪೀಟರ್ ತಾನು ಕೇಳಿಸಿಕೊಂಡದ್ದನ್ನು ಮತ್ತೆ ಹೇಳುತ್ತದೆ, ಅಷ್ಟೇ. ಅದಕ್ಕೇ ಕೇಳಿಸದ ಜಾಗದಲ್ಲಿ ಇಟ್ಟರೆ ಅದು ಹೇಳುವುದಾದರೂ ಏನನ್ನು? ಅಲ್ಲದೆ ಸಾಧಾರಣ ರಿಪೀಟರ್ ಒಂದೇ ಚಾನೆಲ್‌ನಲ್ಲಿ ಕೇಳಿ ಅದರಲ್ಲೇ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಕಾರಣಕ್ಕೆ ಬರೋಣ. ವೈ-ಫೈ ಮುಖ್ಯವಾಗಿ ಎರಡು ತರಂಗ ಪಟ್ಟಿಗಳಲ್ಲಿ ಓಡಾಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ಗೋಡೆ ದಾಟಲು ಗಟ್ಟಿಗ. ಎರಡನೆಯದು ಚುರುಕು, ಆದರೆ ಅಡ್ಡಿ ಬಂದರೆ ಬೇಗ ಸೋಲುತ್ತದೆ. ಇಟ್ಟಿಗೆ ಗೋಡೆಯನ್ನು ಎರಡೂ ಹೇಗೋ ದಾಟಿಯಾವು. ನಮ್ಮ ಮನೆಗಳ ಸ್ಲ್ಯಾಬ್ ಹಾಗಲ್ಲ, ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳ ಬಲೆಯೇ ಇರುತ್ತದೆ. ಅಣ್ಣನ ಮನೆಯಲ್ಲಿ ಅಂಥ ಎರಡು ಸ್ಲ್ಯಾಬ್ ಅಡ್ಡ. ಸ್ಲ್ಯಾಬ್ ಇಲ್ಲದಿರುವುದು ಮೆಟ್ಟಿಲ ಜಾಗದಲ್ಲಿ ಮಾತ್ರ. ಸಿಗ್ನಲ್ ಆ ತೆರವಿನಿಂದ ಇಳಿದು ಬರುತ್ತಿತ್ತು. ಯಾವ ಪುಸ್ತಕವನ್ನೂ ಓದದೆ ಅವ್ವ ಅದನ್ನು ಕಂಡುಹಿಡಿದಿದ್ದಳು!

ಹಣ ಖರ್ಚು ಮಾಡುವ ಮೊದಲು ಒಂದು ಭಾನುವಾರ ಫೋನ್ ಹಿಡಿದು ಮನೆಯೆಲ್ಲ ಸುತ್ತಿ. ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಅಂಕಿ ಡಿಬಿಎಂ ಎಂಬ ಮಾನದಲ್ಲಿ, ಮೈನಸ್‌ನಲ್ಲಿ ಬರುತ್ತದೆ. ಮೈನಸ್ 50 ಎಂದರೆ ಸೊಗಸು. ಮೈನಸ್ 67ರವರೆಗೆ ವಿಡಿಯೋ ಮಾತಿಗೆ ತೊಂದರೆಯಿಲ್ಲ. ಮೈನಸ್ 80ಕ್ಕೆ ಹೋದರೆ ಮುಖ ನಿಲ್ಲುವುದಿಲ್ಲ. ಅವ್ವನ ಮಂಚದ ಹತ್ತಿರ ಮೈನಸ್ 84 ಇತ್ತು.

ರೌಟರಿಗೆ ಹೊರಗೆ ಕಡ್ಡಿಯಂಥ ಆಂಟೆನಾಗಳಿದ್ದರೆ ಅವನ್ನು ಸ್ವಲ್ಪ ತಿರುಗಿಸಿ ನೋಡಿ. ಕಡ್ಡಿಯೊಂದಕ್ಕೆ ಉದ್ದಿನ ವಡೆ ಪೋಣಿಸಿದಂತೆ ಕಲ್ಪಿಸಿಕೊಳ್ಳಿ. ಸಿಗ್ನಲ್ ಹರಡುವುದು ಆ ವಡೆಯ ಆಕಾರದಲ್ಲಿ, ಕಡ್ಡಿಯ ಸುತ್ತ. ಕಡ್ಡಿಯ ತುದಿಯ ದಿಕ್ಕಿನಲ್ಲಿ ತೀರಾ ಕಡಿಮೆ. ಎಲ್ಲ ಕಡ್ಡಿಗಳೂ ನೆಟ್ಟಗೆ ನಿಂತಿದ್ದರೆ ಅದೇ ಮಹಡಿಗೆ ಲಾಭ. ಒಂದನ್ನು ಅಡ್ಡ ಮಲಗಿಸಿದರೆ ಮೇಲಕ್ಕೂ ಕೆಳಕ್ಕೂ ಒಂದಿಷ್ಟು ಹೋದೀತು. ಸಾಧ್ಯವಾದರೆ ರೌಟರನ್ನೇ ನಡುವಿನ ಮಹಡಿಗೆ, ಮೆಟ್ಟಿಲ ಬಳಿಗೆ ತರಿಸಿ. ಕೇಬಲಿನವರು ಸ್ವಲ್ಪ ಗೊಣಗುತ್ತಾರೆ, ಮಾಡಿಕೊಡುತ್ತಾರೆ. ಉಕ್ಕಿನ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕಿ, ಇವುಗಳ ಮರೆಯಲ್ಲಿ ಮಾತ್ರ ಬೇಡ. ಅಡುಗೆಮನೆಯ ಮೈಕ್ರೊವೇವ್ ಒಲೆಯೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಕೆಲಸ ಮಾಡುವುದರಿಂದ ಅದರ ಪಕ್ಕವೂ ಸಲ್ಲದು.

ಇಷ್ಟಕ್ಕೂ ಬಗ್ಗದಿದ್ದರೆ ಗಟ್ಟಿ ಪರಿಹಾರ ಒಂದೇ: ತಂತಿ. ನಿಸ್ತಂತು ಸಂಪರ್ಕಕ್ಕೆ ತಂತಿಯೇ ಮದ್ದು ಎಂದರೆ ನಗು ಬರಬಹುದು, ಆದರೆ ನಿಜ. ನಾವು ಕ್ಯಾಟ್ 6 ಕೇಬಲ್ ತಂದು ಹೊರಗೋಡೆಯ ಮಳೆನೀರಿನ ಪೈಪಿನ ಪಕ್ಕದಲ್ಲಿ ಕೆಳಗಿಳಿಸಿದೆವು. ಇಂಥ ಕೇಬಲ್ 100 ಮೀಟರ್ ತನಕ ನಡೆಯುತ್ತದೆ, ಮನೆಗೆ ಬೇಕಾದಷ್ಟಾಯಿತು. ಬಿಸಿಲಿಗೆ ತಡೆಯುವ, ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ ಕೇಳಿ. ಕರೆಂಟಿನ ವೈರಿರುವ ಪೈಪಿನಲ್ಲಿ ಇದನ್ನು ತೂರಿಸಬೇಡಿ. ಕಡಿಮೆ ಬೆಲೆಗೆ ಸಿಗುವ ಎಷ್ಟೋ ಕೇಬಲ್‌ಗಳು ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟವು. ಬ್ಲೇಡಿನಿಂದ ಎಳೆಯೊಂದನ್ನು ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ಅಂಗಡಿಗೇ ವಾಪಸು ಕೊಡಿ.

ಕೆಳಗಿನ ತುದಿಗೆ ಹೊಸದೇನನ್ನೂ ಕೊಳ್ಳಲಿಲ್ಲ. ಅಟ್ಟದ ಮೇಲಿದ್ದ ಹಳೆಯ ರೌಟರನ್ನು ಒರೆಸಿ ತೆಗೆದೆವು. ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆಯಿದ್ದರೆ ಅದನ್ನು ಒತ್ತಿದರೆ ಸಾಕು. ನಮ್ಮದರಲ್ಲಿ ಇರಲಿಲ್ಲ. ಹಾಗಾಗಿ ಅದರ ವಿಳಾಸವನ್ನು ಮೇಲಿನ ರೌಟರಿನ ವಿಳಾಸಕ್ಕಿಂತ ಬೇರೆ ಮಾಡಿ, ಡಿಎಚ್‌ಸಿಪಿ ಆರಿಸಿ, ಕೇಬಲನ್ನು ವ್ಯಾನ್ ರಂಧ್ರಕ್ಕೆ ಬದಲು ಲ್ಯಾನ್ ರಂಧ್ರಕ್ಕೆ ಚುಚ್ಚಿದೆವು. ಹೆಸರು, ಪಾಸ್‌ವರ್ಡ್ ಮೇಲಿನದ್ದೇ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಮೇಲೆ 1 ಇತ್ತು, ಕೆಳಗೆ 11 ಇಟ್ಟೆವು.

ಬಾಡಿಗೆ ಮನೆಯವರಿಗೆ ಗೋಡೆ ಕೊರೆಯಲು ಮಾಲೀಕರು ಬಿಡಲಿಕ್ಕಿಲ್ಲ. ಅಂಥವರು ಮೆಶ್ ಎಂಬ ಜೋಡಿ ಪೆಟ್ಟಿಗೆಗಳನ್ನು ನೋಡಬಹುದು. ಎರಡನೆಯದನ್ನು ಸಿಗ್ನಲ್ ಸಾಯುವ ಕೋಣೆಯಲ್ಲಿ ಇಡದೆ, ಅರ್ಧದಾರಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ ಇಡಿ. ಕರೆಂಟಿನ ವೈರಿನಲ್ಲೇ ಇಂಟರ್‌ನೆಟ್ ಹರಿಸುವ ಸಾಧನಗಳೂ ಇವೆ, ಆದರೆ ಮಹಡಿಗೊಂದು ಫೇಸ್ ಕೊಟ್ಟಿರುವ ಮನೆಗಳಲ್ಲಿ ಅವನ್ನು ನಂಬುವಂತಿಲ್ಲ. ನಾನಂತೂ ಕೊಳ್ಳೆ.

ಕರೆಂಟು ಹೋದಾಗ ಕೆಳಗಿನ ರೌಟರೂ ಆರುತ್ತದೆ ಎಂಬುದು ನಮಗೆ ಹೊಳೆದದ್ದು ತಡವಾಗಿ. ಎರಡಕ್ಕೂ ಪುಟ್ಟ ಯುಪಿಎಸ್ ಹಾಕಿಸಿದೆವು. ಈಗ ಅವ್ವನ ಮಂಚದ ಬಳಿ ಮೈನಸ್ 48. ಮೊನ್ನೆ ಫೋನ್ ಮಾಡಿದಾಗ ಅವಳದ್ದು ಹೊಸ ದೂರು. ಈಗ ಹುಬ್ಬಳ್ಳಿಯಲ್ಲಿ ಚಿಕ್ಕವ್ವನ ಕಡೆಯೇ ಚಿತ್ರ ನಿಲ್ಲುತ್ತಿಲ್ಲವಂತೆ. ಅವರದೂ ಮಹಡಿ ಮನೆ. ದೀಪಾವಳಿಗೆ ಹೋಗುವಾಗ ಕೇಬಲ್ ಸುರುಳಿ ಕಟ್ಟಿಕೊಂಡೇ ಹೋಗುವುದಿದೆ.